ಮೊಲಗಳ ಮಾರಿ ಹುಟ್ಟಿದ್ದೆಲ್ಲಿ, ಹಬ್ಬಿದ್ದು ಹೇಗೆ?

ಪ್ರಶ್ನೆ: ಮೊಲಗಳ ಕಾಟ ತಡೆಯಲಾರದೆ ಆಸ್ಟ್ರೇಲಿಯಾದವರು ಬೇಕೆಂದೇ ವೈರಸ್ ಬಿಟ್ಟಿದ್ದರೆಂದು ಓದಿದೆ. ಆ ವೈರಸ್ ಎಲ್ಲಿಯದು? ಅಷ್ಟು ಮೊಲಗಳು ಸತ್ತರೂ ಸಂತತಿ ಏಕೆ ಅಳಿಯಲಿಲ್ಲ? ಅದು ಮನುಷ್ಯರಿಗೂ ತಗಲುತ್ತದೆಯೇ?

ಉತ್ತರ: ನೀವು ಓದಿದ್ದು ನಿಜ. ರೋಗದ ಹೆಸರು ಮಿಕ್ಸೊಮ್ಯಾಟೋಸಿಸ್. ಅದಕ್ಕೆ ಕಾರಣವಾದ ವೈರಸ್ ಸಿಡುಬಿನ ವೈರಸ್ಸಿನ ಬಳಗದ್ದು. ಪ್ರಯೋಗಾಲಯದಲ್ಲಿ ಯಾರೂ ತಯಾರಿಸಿದ್ದಲ್ಲ. ದಕ್ಷಿಣ ಅಮೆರಿಕದ ಟಪೇಟಿ ಎಂಬ ಕಾಡುಮೊಲದಲ್ಲಿ ಅದು ಮೊದಲಿನಿಂದಲೂ ಇತ್ತು. ಟಪೇಟಿಗೆ ತಗಲಿದರೆ ಚರ್ಮದ ಮೇಲೊಂದು ಗಂಟು ಏಳುತ್ತದೆ, ಅಷ್ಟೇ. ಸಾವು ಶುರುವಾದದ್ದು ಯುರೋಪಿನ ಮೊಲಗಳನ್ನು ಜನ ಅಲ್ಲಿಗೆ ಒಯ್ದ ಮೇಲೆ. 1896ರಲ್ಲಿ ಉರುಗ್ವೆಯ ಮೊಂಟೆವಿಡಿಯೊದಲ್ಲಿ ಇಟಲಿಯ ವಿಜ್ಞಾನಿ ಜುಸೆಪ್ಪೆ ಸನಾರೆಲ್ಲಿ ಪ್ರಯೋಗಕ್ಕೆಂದು ಇಟ್ಟುಕೊಂಡಿದ್ದ ಮೊಲಗಳು ಸಾಯತೊಡಗಿದವು. ರೋಗ ತಗಲಿದ ಮೊಲದ ರೆಪ್ಪೆ ಊದಿಕೊಂಡು ಕಣ್ಣು ಮುಚ್ಚಿಹೋಗುತ್ತದೆ, ಕೀವು ಸೋರುತ್ತದೆ, ಮೂತಿಯೂ ಕಿವಿಯ ಬುಡವೂ ದಪ್ಪಗಾಗುತ್ತವೆ. ಹತ್ತು-ಹನ್ನೆರಡು ದಿನಗಳಲ್ಲಿ ಪ್ರಾಣ ಹೋಗುತ್ತದೆ. ನೋಡಲಾಗದಂಥ ಸಾವು ಅದು.

ಆಸ್ಟ್ರೇಲಿಯಾದ ಕಥೆ 1859ರದು. ವಿಕ್ಟೋರಿಯಾ ಪ್ರಾಂತ್ಯದ ಜಮೀನುದಾರ ಥಾಮಸ್ ಆಸ್ಟಿನ್ ಬೇಟೆಯ ಶೋಕಿಗೆ ಇಂಗ್ಲೆಂಡಿನಿಂದ ಸುಮಾರು ಎರಡು ಡಜನ್ ಮೊಲ ತರಿಸಿಕೊಂಡ. ಅವು ಖಂಡದ ಹುಲ್ಲುಗಾವಲನ್ನೆಲ್ಲ ಮೇಯುವ ಮಟ್ಟಕ್ಕೆ ಬೆಳೆದವು. ಈ ವೈರಸ್ ಬಳಸಿ ನೋಡಿ ಎಂದು ಬ್ರೆಜಿಲ್‌ನ ವಿಜ್ಞಾನಿ ಅರಗಾವ್ 1919ರಲ್ಲೇ ಸೂಚಿಸಿದ್ದರೂ ಯಾರೂ ಕಿವಿಗೊಡಲಿಲ್ಲ. ಕೊನೆಗೆ 1950ರಲ್ಲಿ ಮರ್ರೇ ನದಿಯ ಬಯಲಿನಲ್ಲಿ ರೋಗ ಹತ್ತಿಸಿದ ಮೊಲಗಳನ್ನು ಬಿಟ್ಟರು. ಕೆಲವು ತಿಂಗಳು ಏನೂ ಆಗಲಿಲ್ಲ. ವರ್ಷದ ಕೊನೆಗೆ ಸೊಳ್ಳೆಗಳ ಕಾಲ ಬಂತು ನೋಡಿ, ನದಿಗಳ ಗುಂಟ ರೋಗ ನೂರಾರು ಮೈಲಿ ಓಡಿತು. ಮೊದಮೊದಲು ಸೋಂಕು ತಗಲಿದ ಮೊಲಗಳಲ್ಲಿ ಶೇ. 99ಕ್ಕೂ ಹೆಚ್ಚು ಸತ್ತವು.

ಯುರೋಪಿನಲ್ಲಿ ಅದನ್ನು ಹಬ್ಬಿಸಿದ್ದು ಒಬ್ಬನೇ ಮನುಷ್ಯ. ಫ್ರಾನ್ಸಿನ ನಿವೃತ್ತ ವೈದ್ಯ ಅರ್ಮಾಂ-ದಲೀಲ್ 1952ರ ಜೂನ್‌ನಲ್ಲಿ ತನ್ನ ಎಸ್ಟೇಟಿನ ಎರಡು ಮೊಲಗಳಿಗೆ ವೈರಸ್ ಚುಚ್ಚಿದ. ಸುತ್ತ ಗೋಡೆ ಇದೆಯಲ್ಲ ಎಂಬ ಧೈರ್ಯ. ಕೀಟಗಳಿಗೆ ಗೋಡೆ ಯಾವ ಲೆಕ್ಕ! ಎರಡೇ ವರ್ಷಗಳಲ್ಲಿ ಆ ದೇಶದ ಕಾಡುಮೊಲಗಳಲ್ಲಿ ಬಹುಪಾಲು ಇಲ್ಲವಾದವು. 1953ರಲ್ಲಿ ಇಂಗ್ಲೆಂಡಿನ ಕೆಂಟ್‌ನಲ್ಲಿ ರೋಗ ಕಾಣಿಸಿತು. ಅಲ್ಲಿ ಅದನ್ನು ಹೊತ್ತು ತಿರುಗಿದ್ದು ಮೊಲದ ಚಿಗಟ. ಇಂಥ ಕೆಲಸವನ್ನು ಕ್ಷಮಿಸಲು ನನಗಂತೂ ಸಾಧ್ಯವಿಲ್ಲ. ಮೊಲ ಮೇಯದೆ ಹುಲ್ಲು ಎತ್ತರಕ್ಕೆ ಬೆಳೆದು, ಗಿಡ್ಡ ಹುಲ್ಲಿನ ಬೆಚ್ಚನೆ ನೆಲದಲ್ಲಿ ಗೂಡು ಕಟ್ಟುವ ಒಂದು ಜಾತಿಯ ಕೆಂಪಿರುವೆ ಕಡಿಮೆಯಾಯಿತು. ಆ ಇರುವೆಯನ್ನೇ ನಂಬಿದ್ದ ದೊಡ್ಡ ನೀಲಿ ಚಿಟ್ಟೆ 1979ರ ಹೊತ್ತಿಗೆ ಬ್ರಿಟನ್ನಿನಿಂದಲೇ ಮರೆಯಾಯಿತು. ಆಮೇಲೆ ಸ್ವೀಡನ್‌ನಿಂದ ತಂದು ಮತ್ತೆ ನೆಲೆಗೊಳಿಸಬೇಕಾಯಿತು.

ಇನ್ನು ಸಂತತಿ ಉಳಿದದ್ದು ಹೇಗೆ? ಸೊಳ್ಳೆಯ ಒಳಗೆ ಈ ವೈರಸ್ ಬೆಳೆಯುವುದಿಲ್ಲ. ಊದಿದ ರೆಪ್ಪೆಯ ಮೇಲೋ ಕಿವಿಯ ಗಂಟಿನ ಮೇಲೋ ಕೂತು ಚುಚ್ಚಿದಾಗ ಅದರ ಸೊಂಡಿಲಿಗೆ ಅಂಟಿಕೊಳ್ಳುತ್ತದೆ, ಮುಂದಿನ ಮೊಲಕ್ಕೆ ಕೊಳೆ ಸೂಜಿಯ ಹಾಗೆ ದಾಟುತ್ತದೆ. ಅಂದರೆ ಗಂಟು ಬಂದ ಮೊಲ ಎಷ್ಟು ದಿನ ಬದುಕಿದ್ದರೆ ವೈರಸ್ಸಿಗೆ ಅಷ್ಟು ಲಾಭ. ಹತ್ತು-ಹನ್ನೆರಡು ದಿನಗಳಲ್ಲೇ ಕೊಲ್ಲುವ ತಳಿ ಹೆಚ್ಚು ಸೊಳ್ಳೆಗಳಿಗೆ ಸಿಗುವುದೇ ಇಲ್ಲ. ಮೂರು-ನಾಲ್ಕು ವಾರ ನರಳಿಸುವ ತಳಿ ಊರೆಲ್ಲ ಹಬ್ಬುತ್ತದೆ. ಹೀಗೆ ಕೆಲವೇ ವರ್ಷಗಳಲ್ಲಿ ಆಸ್ಟ್ರೇಲಿಯಾದಲ್ಲಿ ಸ್ವಲ್ಪ ಸೌಮ್ಯ ತಳಿಗಳು ಮೇಲುಗೈ ಪಡೆದವೆಂದು ಅಲ್ಲಿನ ವೈರಸ್ ತಜ್ಞ ಫ್ರಾಂಕ್ ಫೆನ್ನರ್ ತೋರಿಸಿದರು. ಮೊಲಗಳೂ ಗಟ್ಟಿಯಾದವು: ಉರಾನಾ ಸರೋವರದ ಬಳಿ, ಮೊದಲು ಶೇ. 90ರಷ್ಟು ಮೊಲಗಳನ್ನು ಕೊಂದ ತಳಿಯೇ ಏಳು ಸಲ ರೋಗ ಬಂದುಹೋದ ಮೇಲೆ ಹುಟ್ಟಿದ ಮೊಲಗಳಲ್ಲಿ ಸುಮಾರು ಶೇ. 25ರಷ್ಟನ್ನು ಮಾತ್ರ ಕೊಂದಿತು. ಮೊಲ ಗಟ್ಟಿಯಾದಂತೆ ವೈರಸ್ ಕೂಡ ಮತ್ತೆ ಚೂಪಾಯಿತು. ಈ ಪೈಪೋಟಿ ಇನ್ನೂ ನಿಂತಿಲ್ಲ.

ಕೊನೆಯ ಪ್ರಶ್ನೆ. 1951ರಲ್ಲಿ ಮರ್ರೇ ಬಯಲಿನ ಜನರಲ್ಲಿ ಮಿದುಳಿನ ಉರಿಯೂತ ಕಾಣಿಸಿಕೊಂಡಾಗ ಎಲ್ಲರೂ ಶಂಕಿಸಿದ್ದು ಮೊಲದ ವೈರಸ್ಸನ್ನೇ. ಆಗ ಫೆನ್ನರ್, ವಿಜ್ಞಾನಿಗಳಾದ ಮ್ಯಾಕ್‌ಫರ್ಲೇನ್ ಬರ್ನೆಟ್ ಮತ್ತು ಇಯಾನ್ ಕ್ಲೂನೀಸ್ ರಾಸ್ ಅದನ್ನು ತಮ್ಮ ಮೈಗೇ ಚುಚ್ಚಿಸಿಕೊಂಡರು. ಮೂವರಿಗೂ ಏನೂ ಆಗಲಿಲ್ಲ. ಆ ಉರಿಯೂತಕ್ಕೆ ಕಾರಣ ಬೇರೆಯದೇ ವೈರಸ್. ಮಿಕ್ಸೊಮ್ಯಾಟೋಸಿಸ್ ಮನುಷ್ಯರಿಗೆ ಬರುವುದಿಲ್ಲ.