ಅಂಚೆಚೀಟಿ ಕೀಳಬೇಡಿ, ಮೊದಲು ಓದಿ!

ಕಳೆದ ಸೆಮಿಸ್ಟರಿನಲ್ಲಿ ನಮ್ಮ ಹಾಸ್ಟೆಲ್ ವಿಳಾಸಕ್ಕೆ ಫಿನ್ಲೆಂಡಿನಿಂದ ಒಂದು ಪೋಸ್ಟ್‌ಕಾರ್ಡ್ ಬಂತು. ಮುಂದೆ ಹಿಮ ಮುಚ್ಚಿದ ಕಾಡು, ಹಿಂದೆ ಒಂದಷ್ಟು ಸಾಲು ಬರಹ, ಮೂಲೆಯಲ್ಲಿ ಚಂದದ ಸ್ಟ್ಯಾಂಪು. ಸರಿಯಾಗಿ ಓದುವ ಮೊದಲೇ ನಾವು ಮಾಡಿದ ಘನಕಾರ್ಯ ಏನು ಗೊತ್ತಾ? ಸ್ಟ್ಯಾಂಪು ಬಿಡಿಸೋಕೆ ಅಂತ ಕಾರ್ಡನ್ನು ನೀರಿಗೆ ಹಾಕಿದ್ದು! ಅದು ಸ್ಟಿಕ್ಕರ್ ಥರದ ಸ್ಟ್ಯಾಂಪು, ಬಿಡಲೇ ಇಲ್ಲ. ಆದರೆ ಶಾಯಿ ಹರಡಿ ಬರೆದದ್ದೆಲ್ಲ ನೀಲಿ ಕಲೆಯಾಯ್ತು. ಕಾರ್ಡಿನ ಐಡಿಯೂ ಅಳಿಸಿಹೋಯ್ತು. ಆ ತಪ್ಪಿನಿಂದ ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಐಡಿ ಯಾಕೆ ಮುಖ್ಯ?

ಆ ಕಾರ್ಡ್ ಬಂದದ್ದು ಪೋಸ್ಟ್‌ಕ್ರಾಸಿಂಗ್ ಮೂಲಕ. ಪೋರ್ಚುಗಲ್ಲಿನ ಪಾವ್ಲೊ ಮಗಲ್ಯಾಯ್ಸ್ ಇದನ್ನು 2005ರ ಜುಲೈ 14ರಂದು ಶುರು ಮಾಡಿದರು. ಮನೆಯ ಬಟ್ಟೆ ಕಪಾಟಿನಲ್ಲಿಟ್ಟಿದ್ದ ಹಳೇ ಕಂಪ್ಯೂಟರೇ ಆಗ ಸರ್ವರ್! ಕ್ರಮ ಸರಳ. ಕೇಳಿದಾಗ ಯಾರೋ ಒಬ್ಬರ ವಿಳಾಸ ಮತ್ತು ಒಂದು ಐಡಿ ಸಿಗುತ್ತದೆ. ಕಾರ್ಡಿನ ಮೇಲೆ ಐಡಿ ಬರೆದು ಕಳಿಸಬೇಕು. ಪಡೆದವರು ಅದನ್ನು ನಮೂದಿಸಿದ ಮೇಲಷ್ಟೇ ಕಳಿಸಿದವರ ಸರದಿ ಬರುತ್ತದೆ, ಅವರಿಗೆ ಬೇರೆ ಯಾರೋ ಕಾರ್ಡ್ ಬರೆಯುತ್ತಾರೆ. ನೆಟ್‌ವರ್ಕ್ಸ್ ಕ್ಲಾಸಿನ ಅಕ್ನಾಲೆಜ್‌ಮೆಂಟ್ ನೆನಪಾಯ್ತಾ? ಹೆಚ್ಚುಕಡಿಮೆ ಅದೇ.

ಅಂದರೆ ನಾವು ಹಾಳು ಮಾಡಿದ್ದು ನಮ್ಮ ಕಾರ್ಡನ್ನಷ್ಟೇ ಅಲ್ಲ. ಅಷ್ಟು ದೂರದಲ್ಲಿ ಕಾದಿದ್ದವರಿಗೆ ಕಾರ್ಡ್ ತಲುಪಿದ ಸುದ್ದಿಯನ್ನೇ ತಪ್ಪಿಸುತ್ತಿದ್ದೆವು. ಕೊನೆಗೆ ದೇಶ, ಚಿತ್ರ, ಓದಲು ಬಂದ ಅರ್ಧ ಹೆಸರು ಎಲ್ಲ ಬರೆದು ಸಹಾಯ ಕೇಳಿದೆವು. ಪುಣ್ಯಕ್ಕೆ ಐಡಿ ಸಿಕ್ಕಿತು.

ಸ್ಟ್ಯಾಂಪು ಓದುವುದು ಹೇಗೆ?

ಮೊದಲು ದೇಶದ ಹೆಸರು ಹುಡುಕಿ. ‘ಹೆಲ್ವೇಷಿಯಾ’ ಎಂದಿದ್ದರೆ ಸ್ವಿಟ್ಜರ್ಲೆಂಡ್, ‘ನಿಪ್ಪಾನ್’ ಅಂದರೆ ಜಪಾನ್, ‘ಹೆಲ್ಲಾಸ್’ ಅಂದರೆ ಗ್ರೀಸ್. ಹೆಸರೇ ಇಲ್ಲದೆ ರಾಜನ ಅಥವಾ ರಾಣಿಯ ತಲೆ ಮಾತ್ರ ಇದ್ದರೆ ಅದು ಬ್ರಿಟನ್ನಿನದು. 1840ರಲ್ಲಿ ಜಗತ್ತಿನ ಮೊದಲ ಅಂಟಿಸುವ ಅಂಚೆಚೀಟಿ ‘ಪೆನ್ನಿ ಬ್ಲ್ಯಾಕ್’ ಬಂದಾಗ ಬೇರೆ ದೇಶದ ಚೀಟಿಗಳೇ ಇರಲಿಲ್ಲ, ಹೆಸರು ಹಾಕಬೇಕಾಗಿಯೂ ಬರಲಿಲ್ಲ. ಆ ರೂಢಿ ಇವತ್ತಿಗೂ ಉಳಿದಿದೆ.

ಆಮೇಲೆ ಮೊಹರು ನೋಡಿ. ಸ್ಪಷ್ಟವಾಗಿ ಬಿದ್ದಿದ್ದರೆ ಊರು, ತಾರೀಖು ಎರಡೂ ಸಿಗುತ್ತವೆ. ಎಷ್ಟು ದಿನ ಪ್ರಯಾಣ ಅಂತ ಲೆಕ್ಕ ಹಾಕಬಹುದು. ಸ್ಟ್ಯಾಂಪು ಕಿತ್ತರೆ ಈ ಮಾಹಿತಿ ಅರ್ಧಕ್ಕೆ ಹರಿದುಹೋಗುತ್ತದೆ.

ಅಲ್ಲಿಯ ಸ್ಟ್ಯಾಂಪಿಗೆ ಇಲ್ಲಿಯ ಪೋಸ್ಟ್‌ಮ್ಯಾನ್ ಯಾಕೆ ಬೆಲೆ ಕೊಡಬೇಕು? 1874ರ ಅಕ್ಟೋಬರ್ 9ರಂದು ಬರ್ನ್ ನಗರದಲ್ಲಿ ಆದ ಒಪ್ಪಂದ ಇದಕ್ಕೆ ಬುನಾದಿ. ಸದಸ್ಯ ದೇಶಗಳೆಲ್ಲ ಸೇರಿ ಒಂದೇ ಅಂಚೆ ಪ್ರದೇಶ ಎಂದು ಅಲ್ಲಿ ಒಪ್ಪಿಕೊಂಡರು. ಅಕ್ಟೋಬರ್ 9 ವಿಶ್ವ ಅಂಚೆ ದಿನವಾಗಿರುವುದೂ ಅದಕ್ಕೇ.

ನೀವು ಶುರು ಮಾಡುವುದಾದರೆ

1. ಪೋಸ್ಟ್‌ಕಾರ್ಡನ್ನು ಇಡಿಯಾಗಿಯೇ ಇಟ್ಟುಕೊಳ್ಳಿ. ಪ್ಲಾಸ್ಟಿಕ್ ಜೇಬಿನ ಆಲ್ಬಮ್ ಸಾಕು. ಮಳೆಗಾಲದಲ್ಲಿ ತೇವ ತಾಗದಂತೆ ನೋಡಿಕೊಳ್ಳಿ.

2. ನೀರಿನಲ್ಲಿ ನೆನೆಸುವುದು ಹಳೆಯ ಲಕೋಟೆಯ, ಗೋಂದು ಹಚ್ಚಿದ ಸ್ಟ್ಯಾಂಪುಗಳಿಗೆ ಮಾತ್ರ. ಸುತ್ತಲಿನ ಕಾಗದ ಸಮೇತ ಕತ್ತರಿಸಿ ಉಗುರುಬೆಚ್ಚಗಿನ ನೀರಿಗೆ ಹಾಕಿ. ತಾನಾಗಿ ಬಿಟ್ಟ ಮೇಲೆ ಚಿಮುಟದಲ್ಲಿ ಎತ್ತಿ ಒಣಗಿಸಿ.

3. ಕಳಿಸುವಾಗ ಬಾಲ್‌ಪೆನ್ನಿನಲ್ಲಿ ಬರೆಯಿರಿ, ಜೆಲ್ ಪೆನ್ ಬೇಡ. ಐಡಿಯನ್ನು ಎರಡು ಕಡೆ ಬರೆಯಿರಿ.

4. ಸ್ಟ್ಯಾಂಪು ಆರಿಸಿ ಹಚ್ಚಿ. ಬೆಂಗಳೂರಿನ ಜಿಪಿಒದಲ್ಲಿ ಸಂಗ್ರಾಹಕರಿಗೆಂದೇ ವಿಭಾಗವಿದೆ. ನಮ್ಮ ವಿಶ್ವೇಶ್ವರಯ್ಯನವರ ಅಂಚೆಚೀಟಿ ಅವರು ಬದುಕಿದ್ದಾಗಲೇ, 1960ರಲ್ಲಿ ಬಂದಿತ್ತು. ಇಂಥ ಕತೆಯನ್ನು ಕಾರ್ಡಿನಲ್ಲಿ ಎರಡು ಸಾಲು ಬರೆದರೆ ಓದುವವರಿಗೂ ಖುಷಿ.

ಆ ನೀಲಿ ಕಲೆಯ ಕಾರ್ಡ್ ನಮ್ಮ ಆಲ್ಬಮ್ಮಿನ ಮೊದಲ ಪುಟದಲ್ಲೇ ಇದೆ. ನೋಡೋಕೆ ಬನ್ನಿ. ಕೈ ಮಾತ್ರ ಒಣಗಿರಲಿ!