ಮಹಡಿ ಕೋಣೆಗೂ ವೈಫೈ ಮುಟ್ಟಬೇಕೆ? ಮೆಶ್ ಹಾಕುವ ಮೊದಲು, ಹಾಕಿದ ಮೇಲೆ

ಮನೆಯಲ್ಲಿ ಅಲ್ಲಲ್ಲಿ ಇಟ್ಟ ಯೂನಿಟ್‌ಗಳು ಸೇರಿ ಒಂದೇ ವೈಫೈಯನ್ನು ಹರಡುವ ವ್ಯವಸ್ಥೆಯೇ ಮೆಶ್. ಅದನ್ನು ಕೊಳ್ಳಲು ಹೊರಡುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಈಗಿರುವ ರೌಟರ್‌ನಿಂದ ನಾಲ್ಕೈದು ಅಡಿ ದೂರದಲ್ಲಿ ನಿಂತು ಮೊಬೈಲ್‌ನಲ್ಲಿ ಸ್ಪೀಡ್ ಟೆಸ್ಟ್ ಓಡಿಸಿ. ಆಮೇಲೆ ನೆಟ್ ಸಿಗದ ಕೋಣೆಗೆ ಹೋಗಿ ಅದನ್ನೇ ಮತ್ತೆ ಮಾಡಿ. ರೌಟರ್ ಪಕ್ಕದಲ್ಲೇ ವೇಗ ಇಲ್ಲ ಎಂದಾದರೆ ಮೆಶ್ ಹಾಕಿ ಪ್ರಯೋಜನವಿಲ್ಲ. ಇರುವ ಕುಂಟು ನೆಟ್ಟನ್ನೇ ಅದು ಮನೆತುಂಬ ಹಂಚುತ್ತದೆ, ಅಷ್ಟೆ. ಪಕ್ಕದಲ್ಲಿ ಚೆನ್ನಾಗಿದ್ದು ದೂರದಲ್ಲಿ ಮಾತ್ರ ಸೊರಗಿದರೆ ಮೆಶ್ ಕೆಲಸಕ್ಕೆ ಬರುತ್ತದೆ.

ಆ ಪರೀಕ್ಷೆಯ ಅಂಕಿಗಳನ್ನೂ ಸ್ವಲ್ಪ ಗಮನಿಸಿ. 200 ಎಂಬಿಪಿಎಸ್ ಪ್ಲಾನ್ ಇದ್ದೂ ರೌಟರ್ ಎದುರಲ್ಲೇ 30–40 ತೋರಿಸಿದರೆ ಫೋನು 2.4 ಗಿಗಾಹರ್ಟ್ಸ್‌ಗೆ ಸೇರಿಕೊಂಡಿರಬಹುದು. 5 ಗಿಗಾಹರ್ಟ್ಸ್ ಹೆಸರನ್ನು ಆರಿಸಿ ಮತ್ತೊಮ್ಮೆ ನೋಡಿ. ಯಾವಾಗ ನೋಡಿದರೂ 92–95ರ ಆಸುಪಾಸಿನಲ್ಲೇ ನಿಂತುಬಿಡುತ್ತಿದ್ದರೆ ದಾರಿಯಲ್ಲೆಲ್ಲೋ ಒಂದು ಪೋರ್ಟ್ ಅಥವಾ ಕೇಬಲ್ 100 ಎಂಬಿಪಿಎಸ್ ದಾಟಲು ಬಿಡುತ್ತಿಲ್ಲ ಎಂದರ್ಥ. ಈ ಸಂಖ್ಯೆ ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

ಎಷ್ಟು ಯೂನಿಟ್ ಬೇಕು?

ಪೆಟ್ಟಿಗೆಯ ಮೇಲೆ ಬರೆದ ಚದರಡಿ ಲೆಕ್ಕ ನಮ್ಮ ಮನೆಗಳಿಗೆ ಹೊಂದುವುದಿಲ್ಲ. ಮರದ ಚೌಕಟ್ಟಿಗೆ ತೆಳು ಹಲಗೆ ಹೊಡೆದ ಗೋಡೆಯನ್ನು ಸಿಗ್ನಲ್ ಸುಲಭವಾಗಿ ದಾಟುತ್ತದೆ. ಒಂಬತ್ತಿಂಚಿನ ಇಟ್ಟಿಗೆ ಗೋಡೆ, ಕಬ್ಬಿಣ ಕಟ್ಟಿದ ಆರ್‌ಸಿಸಿ ಮೋಲ್ಡು, ಕರಾವಳಿಯ ಕೆಂಪುಕಲ್ಲಿನ ದಪ್ಪ ಗೋಡೆ ಹಾಗಲ್ಲ. ಕೆಂಪುಕಲ್ಲು ಮಳೆಗಾಲದಲ್ಲಿ ತೇವ ಹೀರಿಕೊಂಡಾಗಂತೂ ಇನ್ನೂ ಕಷ್ಟ, ಏಕೆಂದರೆ ನೀರು ಈ ತರಂಗಗಳನ್ನು ನುಂಗುತ್ತದೆ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ವೇಗ ಕಡಿಮೆ. 5 ಗಿಗಾಹರ್ಟ್ಸ್ ವೇಗವಾಗಿದೆ, ಆದರೆ ಎರಡು ಗೋಡೆ ದಾಟುವಷ್ಟರಲ್ಲಿ ಸುಸ್ತಾಗುತ್ತದೆ.

ಬೆಂಗಳೂರು, ಮೈಸೂರಿನ 30×40 ಸೈಟಿನ ಡೂಪ್ಲೆಕ್ಸ್ ಮನೆಗೆ ಮಹಡಿಗೊಂದರಂತೆ ಎರಡು ಯೂನಿಟ್ ಸಾಮಾನ್ಯವಾಗಿ ಸಾಕು. ತಾರಸಿಯಲ್ಲಿ ಕೋಣೆ ಇದ್ದರೆ ಮೂರನೆಯದು. ಹೆಚ್ಚು ಇಟ್ಟಷ್ಟೂ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ: ಹತ್ತಿರ ಹತ್ತಿರ ಇಟ್ಟ ಯೂನಿಟ್‌ಗಳು ಒಂದರ ಮಾತಿಗೆ ಒಂದು ಅಡ್ಡ ಬರುತ್ತವೆ. ಎರಡರ ಪ್ಯಾಕ್ ತಂದು ನೋಡಿ, ಸಾಲದಿದ್ದರೆ ಅದೇ ಕಂಪನಿಯ ಇನ್ನೊಂದನ್ನು ಸೇರಿಸಿ. ಬೇರೆ ಬೇರೆ ಕಂಪನಿಯ ಯೂನಿಟ್‌ಗಳು ಒಂದಕ್ಕೊಂದು ಸೇರಲೆಂದೇ 2018ರಲ್ಲಿ ‘ಈಸಿಮೆಶ್’ ಎಂಬ ಮಾನದಂಡ ಬಂತು. ಆದರೂ ಒಂದೇ ಕಂಪನಿಯದ್ದನ್ನು ಕೊಳ್ಳುವುದು ತಲೆನೋವಿಲ್ಲದ ದಾರಿ.

ಕೊಳ್ಳುವಾಗ ‘ಎಎಕ್ಸ್3000’ ಎಂಬಂಥ ಸಂಖ್ಯೆಗೆ ಮಾರುಹೋಗಬೇಡಿ. ಅದು ಎರಡು ಬ್ಯಾಂಡ್‌ಗಳ ಕಾಗದದ ಮೇಲಿನ ವೇಗದ ಮೊತ್ತ: 2.4ರಲ್ಲಿ 574, 5ರಲ್ಲಿ 2402, ಕೂಡಿದರೆ ಸುಮಾರು 3000. ಯಾವ ಫೋನಿಗೂ ಅಷ್ಟು ಸಿಗುವುದಿಲ್ಲ. ಅದರ ಬದಲು ಕೆಳಗೆ ಸಣ್ಣಕ್ಷರದಲ್ಲಿರುವ ಪೋರ್ಟ್ ವಿವರ ಓದಿ. ‘ಗಿಗಾಬಿಟ್’ ಎಂದಿರಬೇಕು. ‘10/100’ ಎಂದಿದ್ದರೆ ಅಲ್ಲೇ ಬಿಟ್ಟು ಬನ್ನಿ. ಆ 95ರ ಗೋಡೆ ಅದೇ.

ಮೊದಲ ಯೂನಿಟ್

ನೆಟ್ ಕಂಪನಿಯವರು ಕೊಟ್ಟ ಫೈಬರ್ ಪೆಟ್ಟಿಗೆ, ಅಂದರೆ ಓಎನ್‌ಟಿ, ಇದ್ದಲ್ಲೇ ಇರುತ್ತದೆ. ಅದರ ಲ್ಯಾನ್ ಪೋರ್ಟ್‌ನಿಂದ ಮೆಶ್‌ನ ಮೊದಲ ಯೂನಿಟ್‌ಗೆ ಕೇಬಲ್ ಕೊಡಿ. ಇಂದಿನ ಓಎನ್‌ಟಿಗಳಲ್ಲಿ ಬಹುಪಾಲು ರೌಟರ್ ಕೆಲಸವನ್ನೂ ಮಾಡುತ್ತವೆ. ಹಾಗಾಗಿ ಮೆಶ್ ಕೂಡ ರೌಟರ್ ಆಗಿಯೇ ಕೂತರೆ ಒಂದು ಮನೆಗೆ ಇಬ್ಬರು ಯಜಮಾನರಾಗುತ್ತಾರೆ. ಫೋನಿನ ವೈಫೈ ವಿವರದಲ್ಲಿ ಓಎನ್‌ಟಿಯ ವೈಫೈಗೆ ಸೇರಿದಾಗ 192.168.1ರಿಂದ, ಮೆಶ್‌ಗೆ ಸೇರಿದಾಗ 192.168.68ರಿಂದ, ಹೀಗೆ ಬೇರೆ ಬೇರೆಯಾಗಿ ಶುರುವಾಗುವ ವಿಳಾಸ ಕಂಡರೆ ಇದೇ ಆಗಿದೆ ಎಂದು ತಿಳಿಯಿರಿ. ಯೂಟ್ಯೂಬ್ ಓಡುತ್ತದೆ, ಆದರೆ ಪ್ರಿಂಟರ್ ಕಾಣುವುದಿಲ್ಲ, ಫೋನಿನಿಂದ ಟಿವಿಗೆ ವಿಡಿಯೊ ಹೋಗುವುದಿಲ್ಲ.

ಪರಿಹಾರ ಸುಲಭ. ಮೆಶ್ ಆ್ಯಪ್‌ನಲ್ಲಿ ‘ಆಪರೇಷನ್ ಮೋಡ್’ ಹುಡುಕಿ ‘ಆ್ಯಕ್ಸೆಸ್ ಪಾಯಿಂಟ್’ ಆರಿಸಿ. ಬಹುತೇಕ ಮನೆಗಳಿಗೆ ನನ್ನ ಸಲಹೆ ಇದೇ. ಮಕ್ಕಳ ನೆಟ್ ಸಮಯ ಮಿತಿಗೊಳಿಸುವಂಥ ಸೌಲಭ್ಯಗಳು ಮೆಶ್‌ನಲ್ಲೇ ಬೇಕಿದ್ದರೆ ಮಾತ್ರ ಅದನ್ನು ರೌಟರ್ ಮಾಡಿ, ಓಎನ್‌ಟಿಯನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಕೊಡಲು ನೆಟ್ ಕಂಪನಿಯನ್ನು ಕೇಳಿ. ಆಗ ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್ ಬೇಕಾಗಬಹುದು. ಓಎನ್‌ಟಿಯಿಂದಲೇ ಲ್ಯಾಂಡ್‌ಲೈನ್ ಫೋನೂ ನಡೆಯುತ್ತಿದ್ದರೆ ಅದು ನಿಂತುಹೋಗುವುದಿಲ್ಲವೇ ಎಂದು ಮೊದಲೇ ಕೇಳಿಕೊಳ್ಳಿ.

ಹೆಸರು, ಪಾಸ್‌ವರ್ಡ್ ಕೊಡುವಾಗ ಒಂದು ಉಪಾಯ. ಹಳೆಯ ವೈಫೈಗೆ ಇದ್ದ ಹೆಸರನ್ನೂ ಪಾಸ್‌ವರ್ಡನ್ನೂ ಅಕ್ಷರ ತಪ್ಪದೆ ಮೆಶ್‌ಗೆ ಕೊಡಿ, ಸೆಕ್ಯುರಿಟಿಯೂ ಅದೇ ಡಬ್ಲ್ಯುಪಿಎ2 ಇರಲಿ. ಟಿವಿ, ಸಿಸಿಟಿವಿ, ಪ್ರಿಂಟರ್, ಅಜ್ಜಿಯ ಫೋನು ಎಲ್ಲವೂ ತಾವಾಗಿ ಬಂದು ಸೇರುತ್ತವೆ. ಆದರೆ ಓಎನ್‌ಟಿಯ ಹಳೆಯ ವೈಫೈಯನ್ನು ಆಫ್ ಮಾಡಲೇಬೇಕು. ಇಲ್ಲದಿದ್ದರೆ ಅರ್ಧ ಸಾಧನಗಳು ಅಲ್ಲಿ, ಅರ್ಧ ಇಲ್ಲಿ.

ಎರಡನೆಯದು ಎಲ್ಲಿ?

ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಸಿಗ್ನಲ್ ಇಲ್ಲದ ಕೋಣೆಗೇ ಎರಡನೆಯ ಯೂನಿಟ್ ಒಯ್ದು ಇಡುತ್ತಾರೆ. ಮೊದಲನೆಯದರಿಂದ ಅದಕ್ಕೇ ಸಿಗ್ನಲ್ ಸರಿಯಾಗಿ ಸಿಗದಿದ್ದರೆ ಅದು ನಿಮಗೇನು ಕೊಟ್ಟೀತು? ಕೇಬಲ್ ಇಲ್ಲದ ಜೋಡಣೆಯಲ್ಲಿ ಎರಡನೆಯ ಯೂನಿಟ್ ಅರ್ಧ ದಾರಿಯಲ್ಲಿರಬೇಕು.

ಮೊದಲು ಎರಡನ್ನೂ ಒಂದೇ ಕೋಣೆಯಲ್ಲಿಟ್ಟು ಜೋಡಿಸಿ, ದೀಪ ಸ್ಥಿರವಾದ ಮೇಲೆ ಎರಡನೆಯದನ್ನು ಪ್ಲಗ್ ಕಿತ್ತು ಒಯ್ಯಿರಿ. ಜಾಗ ಹುಡುಕಲು ಆಂಡ್ರಾಯ್ಡ್ ಫೋನಿಗೆ ಉಚಿತ ವೈಫೈ ಅನಲೈಸರ್ ಆ್ಯಪ್ ಹಾಕಿಕೊಳ್ಳಿ. ಅದರಲ್ಲಿ ಸಿಗ್ನಲ್ ಬಲ ಮೈನಸ್ ಸಂಖ್ಯೆಯಲ್ಲಿ ಬರುತ್ತದೆ. ಮೈನಸ್ 50 ಅಂದರೆ ಭರ್ಜರಿ, ಮೈನಸ್ 65 ಪರವಾಗಿಲ್ಲ, ಮೈನಸ್ 75 ಅಂದರೆ ಕೈಬಿಡಿ. ಮೊದಲ ಯೂನಿಟ್‌ನ 5 ಗಿಗಾಹರ್ಟ್ಸ್ ಸಿಗ್ನಲ್ ಮೈನಸ್ 60–65ರಲ್ಲಿ ಸಿಗುವ ಜಾಗದಲ್ಲಿ ಎರಡನೆಯದು ಕೂರಲಿ. ಡೂಪ್ಲೆಕ್ಸ್ ಮನೆಯಲ್ಲಿ ಆ ಜಾಗ ಸಾಮಾನ್ಯವಾಗಿ ಮೆಟ್ಟಿಲ ತಲೆಯಲ್ಲೇ ಇರುತ್ತದೆ. ಮೋಲ್ಡು ತೂರಲಾಗದ ಸಿಗ್ನಲ್ ಮೆಟ್ಟಿಲ ಬಯಲಿನಿಂದ ಮೇಲೆ ಬರುತ್ತದೆ.

ಟೇಬಲ್ ಎತ್ತರದಲ್ಲಿ, ಬಯಲಾಗಿ ಇಡಿ. ಕಬ್ಬಿಣದ ಬೀರುವಿನ ಮೇಲೆ, ಟಿವಿಯ ಬೆನ್ನಿಗೆ, ನಿಲುವುಗನ್ನಡಿಯ ಹಿಂದೆ, ಮೀನಿನ ತೊಟ್ಟಿಯ ಪಕ್ಕ, ಮೈಕ್ರೊವೇವ್ ಒಲೆಯ ಹತ್ತಿರ ಬೇಡ. ಚೆಂದ ಕಾಣುವುದಿಲ್ಲವೆಂದು ಶೋಕೇಸಿನೊಳಗೆ ಬೊಂಬೆಗಳ ಹಿಂದೆ ಬಚ್ಚಿಡುವವರಿಗೆ ಏನು ಹೇಳಿದರೂ ಕೇಳುವುದಿಲ್ಲ ಬಿಡಿ.

ಕೇಬಲ್ ಎಳೆಯಲು ಸಾಧ್ಯವೇ?

ಸಾಧ್ಯವಿದ್ದರೆ ಎಳೆಸಿ. ದುಬಾರಿ ಮೆಶ್‌ಗೆ ಸುರಿಯುವ ದುಡ್ಡಿಗಿಂತ ಒಂದು ಲ್ಯಾನ್ ಕೇಬಲ್ ಹೆಚ್ಚು ಕೆಲಸ ಮಾಡುತ್ತದೆ. ಎರಡು ಬ್ಯಾಂಡ್‌ನ ಮೆಶ್‌ನಲ್ಲಿ ಯೂನಿಟ್‌ಗಳು ಪರಸ್ಪರ ಮಾತಾಡುವುದೂ ನಿಮ್ಮ ಫೋನಿನ ಜೊತೆ ಮಾತಾಡುವುದೂ ಒಂದೇ ರೇಡಿಯೊದಲ್ಲಿ. ಹಾಗಾಗಿ ಎರಡನೆಯ ಯೂನಿಟ್‌ನ ಬಳಿ ವೇಗ ಅರ್ಧಕ್ಕೆ ಇಳಿಯುವುದು ಸಹಜ, ಮೂರನೆಯದು ಎರಡನೆಯದಕ್ಕೆ ಜೋತುಬಿದ್ದರೆ ಇನ್ನೂ ಇಳಿಯುತ್ತದೆ. ಮೂರು ಬ್ಯಾಂಡ್‌ನವುಗಳಲ್ಲಿ ಈ ಮಾತುಕತೆಗೆ ಬೇರೆ ರೇಡಿಯೊ ಇರುತ್ತದೆ, ಬೆಲೆಯೂ ಹಾಗೇ ಇರುತ್ತದೆ. ಕೇಬಲ್ ಕೊಟ್ಟರೆ ಆ ಭಾರವೇ ಇಳಿದುಹೋಗುತ್ತದೆ, ಆಗ ಎರಡನೆಯ ಯೂನಿಟ್ಟನ್ನು ದೂರದ ಕೋಣೆಯಲ್ಲೇ ಇಡಬಹುದು.

ಡಿಶ್ ಅಥವಾ ಹಳೆಯ ಟೆಲಿಫೋನ್ ವೈರ್‌ಗೆಂದು ಗೋಡೆಯೊಳಗೆ ಹಾಕಿದ ಪೈಪ್ ಖಾಲಿ ಇದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ಕೇಳಿ. ಕರೆಂಟ್ ವೈರ್ ಓಡುವ ಪೈಪಿನೊಳಗೇ ಲ್ಯಾನ್ ಕೇಬಲ್ ತುರುಕಲು ಬಿಡಬೇಡಿ. ಅಪಾಯವೂ ಹೌದು, ಸಿಗ್ನಲ್‌ಗೂ ಕೇಡು. ಕ್ಯಾಟ್6 ತನ್ನಿ, ಪೂರ್ತಿ ತಾಮ್ರದ್ದೇ ಎಂದು ಖಚಿತಪಡಿಸಿಕೊಳ್ಳಿ. ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟ ಅಗ್ಗದ ಕೇಬಲ್ ಅಂಗಡಿಗಳಲ್ಲಿ ಧಾರಾಳ. ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಬೇಡ.

ಕನೆಕ್ಟರ್ ಹಾಕುವಾಗ ಬಣ್ಣಗಳ ಕ್ರಮ ಎರಡೂ ತುದಿಯಲ್ಲಿ ಒಂದೇ ಇರಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎಂಟೂ ಎಳೆ ಕೂರಬೇಕು. ನಾಲ್ಕೇ ಎಳೆ ಕೂತರೂ ನೆಟ್ ಬರುತ್ತದೆ, ಆದರೆ ಮತ್ತೆ ಆ 95ರಲ್ಲೇ ನಿಲ್ಲುತ್ತದೆ. ಎಲೆಕ್ಟ್ರಿಷಿಯನ್ ‘ಬರ್ತಾ ಇದೆಯಲ್ಲ ಸಾರ್’ ಎಂದು ಹೊರಡುವ ಮೊದಲು ಸ್ಪೀಡ್ ಟೆಸ್ಟ್ ಮಾಡಿಸಿಕೊಳ್ಳಿ.

ಮನೆಯಿಂದ ತೋಟದ ಮನೆಗೋ ಔಟ್‌ಹೌಸಿಗೋ ಬಯಲಲ್ಲಿ ಲ್ಯಾನ್ ಕೇಬಲ್ ಎಳೆಯುವುದು ಮಾತ್ರ ಬೇಡ. ಮಲೆನಾಡು, ಕರಾವಳಿಯಲ್ಲಿ ಮುಂಗಾರಿಗೆ ಮೊದಲಿನ ಗುಡುಗು-ಸಿಡಿಲಿಗೆ ಆ ತಾಮ್ರದ ತಂತಿ ನೇರ ದಾರಿಯಾಗುತ್ತದೆ. ಸಿಡಿಲು ಹತ್ತಿರ ಬಡಿದರೂ ಸಾಕು, ಎರಡೂ ತುದಿಯ ಪೆಟ್ಟಿಗೆ ಸುಟ್ಟುಹೋಗಬಹುದು. ಫೈಬರ್ ಎಳೆದು ಎರಡೂ ಕಡೆ ಮೀಡಿಯಾ ಕನ್ವರ್ಟರ್ ಹಾಕಿಸಿ. ಗುಡುಗುವಾಗ ಪ್ಲಗ್ ಜೊತೆಗೆ ಲ್ಯಾನ್ ಕೇಬಲನ್ನೂ ಕೀಳಿ.

ಕರೆಂಟಿನ ಮಾತು ಇಲ್ಲೇ ಮುಗಿಸೋಣ. ಓಎನ್‌ಟಿ ಮಾತ್ರ ಇನ್ವರ್ಟರ್ ಲೈನಿನಲ್ಲಿದ್ದು ಮಹಡಿಯ ಯೂನಿಟ್ ಇಲ್ಲದಿದ್ದರೆ ಕರೆಂಟ್ ಹೋದಾಗ ಮಹಡಿಗೆ ನೆಟ್ ಇಲ್ಲ. ಇನ್ವರ್ಟರ್ ಇಲ್ಲದವರು ರೌಟರ್‌ಗೆಂದೇ ಬರುವ ಮಿನಿ ಯುಪಿಎಸ್ ಹಾಕಬಹುದು. ಅಡಾಪ್ಟರ್ ಮೇಲೆ 12 ವೋಲ್ಟ್ ಎಂದಿದೆಯೋ 9 ಎಂದಿದೆಯೋ, ಎಷ್ಟು ಆಂಪ್ ಎಂದಿದೆಯೋ ನೋಡಿಯೇ ಕೊಳ್ಳಿ.

ಕೈಕೊಟ್ಟಾಗ

ಇಡೀ ಮನೆಗೆ ನೆಟ್ ಇಲ್ಲದಿದ್ದರೆ ಮೆಶ್ ಮುಟ್ಟಬೇಡಿ, ಓಎನ್‌ಟಿ ನೋಡಿ. ‘ಎಲ್‌ಒಎಸ್’ ದೀಪ ಕೆಂಪಗೆ ಮಿನುಗುತ್ತಿದ್ದರೆ ಬೆಳಕು ಒಳಗೆ ಬರುತ್ತಿಲ್ಲ. ಬೀದಿಯಲ್ಲಿ ಫೈಬರ್ ತುಂಡಾಗಿರಬಹುದು. ಆದರೆ ದೂರು ಕೊಡುವ ಮೊದಲು ಪೆಟ್ಟಿಗೆಯ ಹಿಂದೆ ಕೈಯಾಡಿಸಿ. ಉಳಿದ ಫೈಬರ್ ಸುರುಳಿ ಸುತ್ತಿ ಟಿವಿ ಯೂನಿಟ್‌ನ ಹಿಂದೆ ತಳ್ಳಿರುತ್ತಾರೆ. ಗುಡಿಸುವಾಗ ಯೂನಿಟ್ಟನ್ನು ಗೋಡೆಗೆ ಒತ್ತಿದರೆ ಆ ಸುರುಳಿ ಮಡಚಿಕೊಳ್ಳುತ್ತದೆ. ಒಳಗಿನ ಗಾಜಿನ ಎಳೆ ಬಿಗಿಯಾಗಿ ಬಾಗಿದರೆ ಬೆಳಕು ಬಾಗಿದಲ್ಲೇ ಸೋರಿಹೋಗುತ್ತದೆ. ಸಡಿಲ ಮಾಡಿ ಅಂಗೈ ಅಗಲದ ಸುತ್ತಿಗೆ ಬಿಟ್ಟರೆ ಎಷ್ಟೋ ಸಲ ಕೆಂಪು ದೀಪ ಆರುತ್ತದೆ. ರೀಸ್ಟಾರ್ಟ್ ಮಾಡುವುದಿದ್ದರೂ ಕ್ರಮ ಇರಲಿ: ಮೊದಲು ಓಎನ್‌ಟಿ, ಎರಡು-ಮೂರು ನಿಮಿಷ ಬಿಟ್ಟು ಮೊದಲ ಯೂನಿಟ್, ಆಮೇಲೆ ಉಳಿದವು.

‘ಸಿಗ್ನಲ್ ಫುಲ್ ಇದೆ, ಆದರೂ ಸುತ್ತುತ್ತಲೇ ಇದೆ’ ಎಂಬುದು ಮೆಶ್ ಮನೆಗಳ ಮಾಮೂಲು ದೂರು. ಫೋನಿನ ಮೇಲಿನ ಗೆರೆಗಳು ಫೋನಿನಿಂದ ಹತ್ತಿರದ ಯೂನಿಟ್‌ವರೆಗಿನ ಕಥೆಯನ್ನಷ್ಟೇ ಹೇಳುತ್ತವೆ. ಅಲ್ಲಿಂದ ಮೊದಲ ಯೂನಿಟ್‌ವರೆಗೆ ದಾರಿ ಹೇಗಿದೆ ಎಂಬುದು ಮೆಶ್ ಆ್ಯಪ್‌ನಲ್ಲಿ ಕಾಣುತ್ತದೆ. ಅಲ್ಲಿ ‘ವೀಕ್’ ಎಂದಿದ್ದರೆ ಯೂನಿಟ್ಟನ್ನು ಮೂರ್ನಾಲ್ಕು ಅಡಿ ಆಚೀಚೆ ಸರಿಸಿ ನೋಡಿ. ಒಂದು ಕಂಬದ ಮರೆ ತಪ್ಪಿದರೂ ಫಲ ಬೇರೆಯಾಗುತ್ತದೆ.

ಮೆಟ್ಟಿಲು ಹತ್ತುವಾಗ ವಾಟ್ಸ್ಆ್ಯಪ್ ಕರೆ ಕಡಿದುಹೋಗುತ್ತಿದ್ದರೆ, ಅಥವಾ ಮಹಡಿಗೆ ಬಂದರೂ ಫೋನು ಕೆಳಗಿನ ಯೂನಿಟ್ಟನ್ನೇ ಹಿಡಿದು ಕೂತಿದ್ದರೆ, ತಪ್ಪು ಅರ್ಧ ಫೋನಿನದ್ದು. ಯಾವ ಯೂನಿಟ್‌ಗೆ ಸೇರಬೇಕೆಂದು ಕಡೆಗೆ ತೀರ್ಮಾನಿಸುವುದು ಅದೇ. ಆ್ಯಪ್‌ನಲ್ಲಿ ‘ಫಾಸ್ಟ್ ರೋಮಿಂಗ್’ ಆನ್ ಮಾಡಿ ನೋಡಿ. ಹಳೆಯ ಸಾಧನಗಳು ಅದರಿಂದ ತಕರಾರು ತೆಗೆದರೆ ಆಫ್ ಮಾಡಿ. ಯೂನಿಟ್‌ಗಳನ್ನು ಒಂದಿಷ್ಟು ದೂರ ಸರಿಸುವುದೂ ಮದ್ದು.

ಸ್ಮಾರ್ಟ್ ಬಲ್ಬು, ಅಗ್ಗದ ಕ್ಯಾಮೆರಾ, ಹಳೆಯ ಪ್ರಿಂಟರ್ ಸೇರುತ್ತಿಲ್ಲವೇ? ಅವುಗಳಲ್ಲಿ ಹೆಚ್ಚಿನವಕ್ಕೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು, ಡಬ್ಲ್ಯುಪಿಎ3 ಗೊತ್ತಿಲ್ಲ. ಆ್ಯಪ್‌ನಲ್ಲಿ ‘ಐಒಟಿ ನೆಟ್‌ವರ್ಕ್’ ಇದ್ದರೆ 2.4ರಲ್ಲಿ ಬೇರೆ ಹೆಸರು ಕೊಟ್ಟು ಅವನ್ನು ಅಲ್ಲಿಗೆ ಸೇರಿಸಿ. ಇಲ್ಲದಿದ್ದರೆ 5 ಗಿಗಾಹರ್ಟ್ಸ್ ಆಫ್ ಮಾಡಿ, ಬಲ್ಬು ಸೇರಿಸಿ, ಮತ್ತೆ ಆನ್ ಮಾಡಿ.

ಅಪಾರ್ಟ್‌ಮೆಂಟುಗಳಲ್ಲಿ ಸಂಜೆಯಾದರೆ 2.4 ಗಿಗಾಹರ್ಟ್ಸ್ ಸಂತೆಯಂತೆ ತುಂಬಿರುತ್ತದೆ. ಚಾನೆಲ್ ಆರಿಸಲು ಬರುವುದಾದರೆ 1, 6, 11ರಲ್ಲಿ ಖಾಲಿ ಇರುವುದನ್ನು ಹಿಡಿಯಿರಿ, ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಈ ಮೂರೇ. ವಿಮಾನ ನಿಲ್ದಾಣದ ಆಸುಪಾಸಿನಲ್ಲಿದ್ದು 5 ಗಿಗಾಹರ್ಟ್ಸ್ ಆಗಾಗ ಒಂದು ನಿಮಿಷ ಮಾಯವಾಗಿ ಬರುತ್ತಿದ್ದರೆ ರೇಡಾರ್ ಕಾರಣವಿರಬಹುದು. 52ರಿಂದ 144ರವರೆಗಿನ ಚಾನೆಲ್‌ಗಳಲ್ಲಿ ರೇಡಾರ್ ಸುಳಿವು ಸಿಕ್ಕರೆ ರೌಟರ್ ಜಾಗ ಖಾಲಿ ಮಾಡಬೇಕೆಂಬುದು ನಿಯಮ. 36ರಿಂದ 48ರೊಳಗಿನದಕ್ಕೆ ಬದಲಾಯಿಸಿ.

ಎಲ್ಲ ಯೂನಿಟ್‌ಗಳ ದೀಪ ಹುಚ್ಚೆದ್ದು ಮಿನುಗಿ ಮನೆಯ ನೆಟ್ ಪೂರ್ತಿ ಕೂತುಹೋದರೆ ಹೊಸದಾಗಿ ಯಾರಾದರೂ ಕೇಬಲ್ ಚುಚ್ಚಿದ್ದಾರೆಯೇ ನೋಡಿ. ಒಂದೇ ಕೇಬಲಿನ ಎರಡೂ ತುದಿ ಒಂದೇ ನೆಟ್‌ವರ್ಕ್ ಸ್ವಿಚ್‌ಗೆ ಹೋಗಿದ್ದರೆ ಮಾಹಿತಿ ಅದರಲ್ಲೇ ಗಿರಗಿರ ಸುತ್ತುತ್ತದೆ. ಅದನ್ನು ಕಿತ್ತರೆ ಸರಿ.

ಇಷ್ಟಾದರೂ ವೇಗ ಬರದಿದ್ದರೆ ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲಿನಲ್ಲಿ ನೇರ ಓಎನ್‌ಟಿಗೆ ಜೋಡಿಸಿ ಸ್ಪೀಡ್ ಟೆಸ್ಟ್ ಮಾಡಿ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ, ಬೆಳಿಗ್ಗೆ ಒಂದು, ರಾತ್ರಿ ಒಂಬತ್ತಕ್ಕೆ ಒಂದು. ಕಸ್ಟಮರ್ ಕೇರ್‌ನವರು ಮೊದಲು ಹೇಳುವುದೇ ‘ನಿಮ್ಮ ಮೆಶ್‌ದೇ ಪ್ರಾಬ್ಲಮ್’ ಎಂದು. ಮೆಶ್ ಕಿತ್ತಿಟ್ಟು ಕೇಬಲಿನಲ್ಲೇ ನೋಡಿದ್ದೇನೆ ಎಂದು ಆ ಸ್ಕ್ರೀನ್‌ಶಾಟ್ ಕಳಿಸಿ, ದೂರಿನ ನಂಬರ್ ಕೇಳಿ ಬರೆದುಕೊಳ್ಳಿ.