ವೀಸಾ ಸಿಕ್ಕ ಮೇಲಿನ ಲೆಕ್ಕ

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಿಂದ ಹೊರದೇಶದ ಸಮ್ಮೇಳನಕ್ಕೆ ಹೊರಡಬಲ್ಲವರು ಕಡಿಮೆಯೇನಿಲ್ಲ. ಚಿಂತಾಮಣಿಯ ಕುರುಬೂರಿನಲ್ಲಿ ರೇಷ್ಮೆ ಕೃಷಿ ಕಾಲೇಜಿದೆ, ಗೌರಿಬಿದನೂರಿನ ಬಳಿ ರೇಡಿಯೊ ವೀಕ್ಷಣಾಲಯವಿದೆ, ಚಿಕ್ಕಬಳ್ಳಾಪುರದಲ್ಲಿ ಎಂಜಿನಿಯರಿಂಗ್ ಕಾಲೇಜಿದೆ, ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆಯಿದೆ, ರೀಲರುಗಳಿದ್ದಾರೆ. ಫ್ರಾನ್ಸಿನ ಲಿಯೋನ್‌ನಲ್ಲಿದ್ದ ಅಂತಾರಾಷ್ಟ್ರೀಯ ರೇಷ್ಮೆ ಆಯೋಗದ ಕಚೇರಿ 2013ರಲ್ಲಿ ಬೆಂಗಳೂರಿಗೇ ಬಂತು. 2019ರಲ್ಲಿ ಅದರ ಸಮ್ಮೇಳನ ಜಪಾನಿನ ತ್ಸುಕುಬಾದಲ್ಲಿ ನಡೆಯಿತು. ಇಂಥ ಪ್ರಯಾಣಕ್ಕೆ ಖರ್ಚಿನ ಪಟ್ಟಿ ಹಾಕುವಾಗ ಟಿಕೆಟ್, ಹೋಟೆಲ್, ನೋಂದಣಿ ಶುಲ್ಕ ಎಂದು ಬರೆದುಕೊಳ್ಳುತ್ತೇವೆ. ಅಲ್ಲಿ ಇಳಿದು ಇಮಿಗ್ರೇಷನ್ ಕೌಂಟರಿನ ಮುಂದೆ ನಿಲ್ಲುವ ಕೆಲವು ನಿಮಿಷಗಳಿಗೆ ಆ ಪಟ್ಟಿಯಲ್ಲಿ ಜಾಗವಿರುವುದಿಲ್ಲ. ಪಟ್ಟಿಯ ಮೊದಲ ಸಾಲು ಅದೇ ಆಗಬೇಕೆಂಬುದು ನನ್ನ ವಾದ.

ವೀಸಾ ಬಂದ ಮೇಲೆ ಇನ್ನೇನು ಎಂದು ಕೇಳುವವರಿದ್ದಾರೆ. ಯೂರೋಪಿನ ಷೆಂಗೆನ್ ದೇಶಗಳ ಕಾನೂನು, ವೀಸಾ ಇದ್ದ ಮಾತ್ರಕ್ಕೆ ಒಳಗೆ ಬಿಡಲೇಬೇಕೆಂದಿಲ್ಲ ಎಂದು ಬಾಯಿಬಿಟ್ಟೇ ಹೇಳುತ್ತದೆ. ಅಮೆರಿಕದಲ್ಲೂ ಕೊನೆಯ ಮಾತು ವಿಮಾನ ನಿಲ್ದಾಣದ ಅಧಿಕಾರಿಯದೇ. ಯಾಕೆ ಬಂದಿರಿ, ಎಲ್ಲಿ ಉಳಿಯುತ್ತೀರಿ, ವಾಪಸ್ ಯಾವಾಗ, ಖರ್ಚಿಗೆ ಏನಿದೆ ಎಂದು ಅವರು ಕೇಳಬಹುದು. ಫ್ರಾನ್ಸ್ ಹಣದ ಪ್ರಮಾಣವನ್ನೂ ಗೊತ್ತುಮಾಡಿದೆ: ಹೋಟೆಲ್ ಕಾಯ್ದಿರಿಸಿದ ಪುರಾವೆ ಇದ್ದವರು ದಿನಕ್ಕೆ 65 ಯೂರೊ ತೋರಿಸಬೇಕು, ಇಲ್ಲದವರು 120 ಯೂರೊ. ಐದು ದಿನಕ್ಕೆ ಒಂದು ಕಡೆ 325, ಇನ್ನೊಂದು ಕಡೆ 600. ನಡುವಿನ 275 ಯೂರೊ ಒಂದು ಹಾಳೆ ಕಾಗದದ ಬೆಲೆ! ವಾಪಸ್ ಕಳಿಸಿದರಂತೂ ಟಿಕೆಟ್ ಹೋಯಿತು, ನೋಂದಣಿ ಶುಲ್ಕ ಬಹುತೇಕ ಹೋಯಿತು. ಸಾಮಾನ್ಯ ಪ್ರಯಾಣ ವಿಮೆ ಪ್ರವೇಶ ನಿರಾಕರಣೆಯ ನಷ್ಟವನ್ನು ತುಂಬಿಕೊಡುವುದು ಅಪರೂಪ. ಮುಂದೆ ಹಲವು ದೇಶಗಳ ವೀಸಾ ಅರ್ಜಿಯಲ್ಲಿ ಅದನ್ನು ಬರೆಯಬೇಕಾಗುತ್ತದೆ. ಇದರ ಎದುರು ಷೆಂಗೆನ್ ವೀಸಾದ 90 ಯೂರೊ, ಕಡ್ಡಾಯವಾದ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆಯ ಕಂತು, ಆಹ್ವಾನ ಪತ್ರ, ಕಾಲೇಜಿನ ರಜೆ ಮಂಜೂರಾತಿ, ಇವೆಲ್ಲ ಸೇರಿದರೂ ಸಣ್ಣ ಬಾಬ್ತು.

ನಮ್ಮ ಭಾಗದ ನಿಜವಾದ ತೊಡಕಿರುವುದು ಹಣ ತೋರಿಸುವ ಕಡೆ. ತಿಂಗಳ ಸಂಬಳದ ಉಪನ್ಯಾಸಕರಿಗೆ ಪೇಸ್ಲಿಪ್ ಇದೆ. ಹಿಪ್ಪುನೇರಳೆ ಬೆಳೆದು ಹುಳು ಸಾಕುವವರ ಆದಾಯ ಬೆಳೆಯಿಂದ ಬೆಳೆಗೆ ಒಟ್ಟಾಗಿ ಬರುತ್ತದೆ. ಕೃಷಿ ಆದಾಯಕ್ಕೆ ತೆರಿಗೆಯಿಲ್ಲವಾದ್ದರಿಂದ ಅನೇಕರು ರಿಟರ್ನ್ಸ್ ಸಲ್ಲಿಸಿರುವುದಿಲ್ಲ. ಆಗ ಕೆಲವು ಏಜೆಂಟರು ಒಂದು ಉಪಾಯ ಹೇಳಿಕೊಡುತ್ತಾರೆ: ಬಂಧುಗಳಿಂದ ನಾಲ್ಕೈದು ಲಕ್ಷ ಕೈಸಾಲ ತಂದು ಖಾತೆಗೆ ಹಾಕಿ, ಸ್ಟೇಟ್‌ಮೆಂಟ್ ತೆಗೆಸಿ, ಹಿಂದಿರುಗಿಸಿಬಿಡಿ. ಇದಕ್ಕಿಂತ ದುಬಾರಿ ಉಪಾಯ ಇನ್ನೊಂದಿಲ್ಲ. ತಿಂಗಳುಗಟ್ಟಲೆ ಹತ್ತಿಪ್ಪತ್ತು ಸಾವಿರದಲ್ಲಿದ್ದ ಖಾತೆಗೆ ಅರ್ಜಿಯ ಹಿಂದಿನ ವಾರ ಲಕ್ಷಗಳು ಬಿದ್ದರೆ, ಸ್ಟೇಟ್‌ಮೆಂಟ್ ನೋಡುವವರ ಕಣ್ಣು ಮೊದಲು ಹೋಗುವುದೇ ಆ ಸಾಲಿಗೆ. ಅದರ ಬದಲು ಗೂಡು ಮಾರಿದ ಹಣ ಖಾತೆಗೇ ಬರುವಂತೆ ಒಂದು ವರ್ಷ ಮೊದಲೇ ನೋಡಿಕೊಂಡು, ಮಾರುಕಟ್ಟೆಯ ರಸೀದಿ ಮತ್ತು ಪಹಣಿ ಜೊತೆಗಿಟ್ಟು, ತೆರಿಗೆ ಬರದಿದ್ದರೂ ರಿಟರ್ನ್ಸ್ ಸಲ್ಲಿಸಿದರೆ, ಕಡಿಮೆ ಮೊತ್ತವೂ ನಂಬಿಕೆ ಹುಟ್ಟಿಸುತ್ತದೆ.

ಎಲ್ಲವೂ ಮೊಬೈಲಿನಲ್ಲಿದೆಯಲ್ಲ ಎಂಬುದು ಇನ್ನೊಂದು ಆಕ್ಷೇಪ. ಹದಿನೈದು ಗಂಟೆ ಪ್ರಯಾಣದ ಮೇಲೆ ಬ್ಯಾಟರಿ ಇರುತ್ತದೆ, ನೆಟ್‌ವರ್ಕ್ ಸಿಗುತ್ತದೆ ಎಂದು ನಂಬಿ ಲಕ್ಷಗಟ್ಟಲೆ ರೂಪಾಯಿ ಪಣಕ್ಕಿಡುವುದು ಬೇಡ. ಪ್ರಿಂಟಿಗೆ ಆಗುವುದು ಕೆಲವೇ ರೂಪಾಯಿ. ಕಾಗದ ಕಂತೆಗಟ್ಟಲೆ ಹಿಡಿದರೆ ಅನುಮಾನ ಬರುತ್ತದೆ ಎನ್ನುವ ಮಾತಿನಲ್ಲಿ ಅರ್ಧ ಸತ್ಯವಿದೆ. ಕೇಳುವ ಮುಂಚೆ ಕೊಡಬಾರದು, ಕೇಳಿದಾಗ ಹುಡುಕಬಾರದು. ‘ಕೆಲಸಕ್ಕೆ ಬಂದಿದ್ದೇನೆ’ ಎನ್ನದೆ ‘ಸಮ್ಮೇಳನದಲ್ಲಿ ಪ್ರಬಂಧ ಮಂಡಿಸಲು ಬಂದಿದ್ದೇನೆ’ ಎನ್ನಬೇಕು. ಮೊದಲನೆಯದು ನೌಕರಿ ಎಂದು ಕೇಳಿಸುತ್ತದೆ. ರೇಷ್ಮೆಯವರಿಗೆ ವಿಶೇಷವಾಗಿ ಒಂದು ಮಾತು: ತೋರಿಸಲೆಂದು ಸೂಟ್‌ಕೇಸಿನಲ್ಲಿ ಹಿಪ್ಪುನೇರಳೆ ಸೊಪ್ಪು, ಕಡ್ಡಿ ಇಟ್ಟುಕೊಳ್ಳಬೇಡಿ. ಜಪಾನಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಗಿಡದ ಭಾಗ ಒಯ್ಯುವಂತಿಲ್ಲ, ಆಸ್ಟ್ರೇಲಿಯಾದಲ್ಲಿ ಘೋಷಿಸದಿದ್ದರೆ ದಂಡ. ಹುಳುವಿರುವ ಗೂಡಿನ ವಿಷಯವನ್ನು ಸಂಘಟಕರಿಗೆ ಮೊದಲೇ ಬರೆದು ಕೇಳಿ.

ಇನ್ನು ಕೈಯಲ್ಲಿ ಒಯ್ಯುವ ಹಣದ ಮಾತು. ವಿದೇಶಿ ನೋಟನ್ನು ಹೆಚ್ಚಿನ ದೇಶಗಳಿಗೆ 3,000 ಡಾಲರ್‌ವರೆಗೆ, ನಮ್ಮ ರೂಪಾಯಿಯನ್ನು 25,000ದವರೆಗೆ ಒಯ್ಯಬಹುದು. ಅಷ್ಟು ಬೇಕಾಗುವುದೂ ಇಲ್ಲ. ಇನ್ನೂರು ಮುನ್ನೂರು ಡಾಲರ್ ನೋಟು, ಉಳಿದದ್ದು ಫೋರೆಕ್ಸ್ ಕಾರ್ಡಿನಲ್ಲಿದ್ದು, ಅದರ ಬಾಕಿ ತೋರಿಸುವ ಒಂದು ಹಾಳೆ ಇದ್ದರೆ ಸಾಕು.

ಇಷ್ಟಾದರೂ ಜನ ಈ ಸಿದ್ಧತೆಯ ಖರ್ಚಿನಲ್ಲೇ ಕೈ ಬಿಗಿಹಿಡಿಯುವುದಕ್ಕೆ ಕಾರಣವಿದೆ. ಪ್ರಯಾಣದ ನೆರವು ಬಹಳ ಸಲ ಹೋಗಿಬಂದು ಬಿಲ್ ಕೊಟ್ಟ ಮೇಲೆ ಕೈಸೇರುತ್ತದೆ. ಅಲ್ಲಿಯವರೆಗೆ ಸಾಲ ಮಾಡಿ ಹೊರಟವರು ವಿಮೆಯಲ್ಲಿ, ರದ್ದು ಮಾಡಬಹುದಾದ ಹೋಟೆಲಿನಲ್ಲಿ ಉಳಿಸಲು ನೋಡುತ್ತಾರೆ. ಕಾಲೇಜುಗಳ ಆಡಳಿತ ಮಂಡಳಿಗಳು ಟಿಕೆಟ್ ಹಣ ಆಮೇಲೆ ಕೊಟ್ಟರೂ ಸರಿ, ವೀಸಾ, ವಿಮೆ, ಹೋಟೆಲಿನ ಹಣವನ್ನಾದರೂ ಮುಂಗಡವಾಗಿ ಕೊಡಲಿ.